ಮುಂಬಯಿಯ ಮನೆಯಲ್ಲಿ ಬಂಗಾಯ್ ಕಾರ್ಡಿನಲ್ ಮೀನನ್ನು ಸಾಕಿ ಮರಿ ಮಾಡಿಸುವ ಕ್ರಮ

ಇಂಡೋನೇಷ್ಯಾದ ಸುಲವೇಸಿ ದ್ವೀಪದ ಪೂರ್ವಕ್ಕೆ ಬಂಗಾಯ್ ಎಂಬ ಸಣ್ಣ ದ್ವೀಪಸಮೂಹವಿದೆ. ಬಂಗಾಯ್ ಕಾರ್ಡಿನಲ್ ಎಂದು ಕರೆಯಲಾಗುವ, ಬೆರಳುದ್ದವೂ ಮೀರದ ಮೀನಿನ ಮೂಲ ನೆಲೆ ಆ ದ್ವೀಪಗಳ ಸುತ್ತಲಿನ ಆಳವಿಲ್ಲದ ನೀರು ಮಾತ್ರ. ಬೆಳ್ಳಿಯಂತೆ ಹೊಳೆಯುವ ಮೈ, ಅದರ ಮೇಲೆ ಮೂರು ಕಪ್ಪು ಅಡ್ಡಪಟ್ಟೆ, ಕತ್ತರಿಯಂತೆ ಸೀಳಿದ ಬಾಲ, ಈಜುರೆಕ್ಕೆಗಳ ಮೇಲೆ ಚಿಮುಕಿಸಿದಂತಿರುವ ಬಿಳಿ ಚುಕ್ಕೆಗಳು ಇದರ ಗುರುತು. 1920ರಲ್ಲಿ ಸ್ವೀಡನ್ನಿನ ಪ್ರಾಣಿಶಾಸ್ತ್ರಜ್ಞ ವಾಲ್ಟರ್ ಕೌಡರ್ನ್ ಸಂಗ್ರಹಿಸಿದ ಮಾದರಿಗಳನ್ನು ಆಧರಿಸಿ 1933ರಲ್ಲಿ ಮೀನುಶಾಸ್ತ್ರಜ್ಞ ಕೌಮಾನ್ಸ್ ಇದಕ್ಕೆ ಟೆರಪೋಗಾನ್ ಕೌಡರ್ನಿ ಎಂಬ ವೈಜ್ಞಾನಿಕ ಹೆಸರನ್ನಿಟ್ಟರು. ಆಮೇಲೆ ಬಹುಕಾಲ ಯಾರೂ ಇದರ ಗೋಜಿಗೆ ಹೋಗಲಿಲ್ಲ. 1994ರಲ್ಲಿ ಮೀನುಶಾಸ್ತ್ರಜ್ಞ ಜೆರಾಲ್ಡ್ ಆಲೆನ್ ಇದನ್ನು ಮತ್ತೆ ಗುರುತಿಸಿದ ಬಳಿಕ ಅಲಂಕಾರಿಕ ಮೀನಿನ ವ್ಯಾಪಾರ ಇದರ ಬೆನ್ನು ಹತ್ತಿತು. 2000ದ ಆಸುಪಾಸಿನಲ್ಲಿ ವರ್ಷಕ್ಕೆ ಆರೇಳು ಲಕ್ಷ ಮೀನುಗಳನ್ನು ಹಿಡಿಯಲಾಗುತ್ತಿತ್ತೆಂಬ ಅಂದಾಜಿದೆ. 2007ರಲ್ಲಿ ಅಂತಾರಾಷ್ಟ್ರೀಯ ಕೆಂಪುಪಟ್ಟಿ ಇದನ್ನು ಅಳಿವಿನಂಚಿನ ಪ್ರಭೇದವೆಂದು ಸೇರಿಸಿಕೊಂಡಿತು.

ಇಂಥ ಮೀನನ್ನು ಮನೆಗೆ ತರುವುದು ಸರಿಯೇ ಎಂಬ ಪ್ರಶ್ನೆ ಸಹಜ. ಸಮುದ್ರದಿಂದ ಹಿಡಿದು ತಂದದ್ದಾದರೆ ಸರಿಯಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಾಕಣೆಯಲ್ಲೇ ಹುಟ್ಟಿದ ಮೀನಾದರೆ, ಮತ್ತು ಅದರಿಂದ ಮರಿ ಮಾಡಿಸುವ ಇರಾದೆ ನಿಮಗಿದ್ದರೆ, ಧಾರಾಳವಾಗಿ ತರಬಹುದು. ಏಕೆಂದರೆ ಹವಳದ ದಿಬ್ಬಗಳ ಬಹುಪಾಲು ಮೀನುಗಳ ಮರಿಗಳು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಲಾರ್ವಾಗಳಾಗಿ ತೆರೆದ ಕಡಲಿನಲ್ಲಿ ತೇಲುತ್ತ ಬೆಳೆಯುತ್ತವೆ. ಅವನ್ನು ಮನೆಯಲ್ಲಿ ಉಳಿಸಿಕೊಳ್ಳುವುದು ಹರಸಾಹಸ. ಬಂಗಾಯ್ ಕಾರ್ಡಿನಲ್‌ಗೆ ಆ ಹಂತವೇ ಇಲ್ಲ. ಗಂಡು ಮೀನು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾದು, ತಂದೆತಾಯಿಯ ಪಡಿಯಚ್ಚಿನಂತಿರುವ ಪೂರ್ಣ ರೂಪದ ಮರಿಗಳನ್ನೇ ಹೊರಬಿಡುತ್ತದೆ. ಕಡಲಿನಲ್ಲಿ ಇದಕ್ಕೆ ಕಂಟಕವಾಗಿರುವುದೂ ಇದೇ ಗುಣ. ಮರಿಗಳು ತೇಲಿ ದೂರ ಹೋಗದ ಕಾರಣ ಒಂದು ದ್ವೀಪದ ಮೀನು ಖಾಲಿಯಾದರೆ ಪಕ್ಕದ ದ್ವೀಪದಿಂದ ಬಂದು ತುಂಬುವುದಿಲ್ಲ, ಕೆಲವೇ ಕಿಲೋಮೀಟರ್ ಅಂತರದ ದ್ವೀಪಗಳ ಮೀನುಗಳು ವಂಶವಾಹಿಯಲ್ಲೂ ಬೇರೆಬೇರೆಯಾಗಿರುತ್ತವೆ. ಕಡಲಿನಲ್ಲಿ ದೌರ್ಬಲ್ಯವಾದದ್ದು ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಅನುಕೂಲವಾಗುತ್ತದೆ.

ತೊಟ್ಟಿ, ಜಾಗ, ವಿದ್ಯುತ್ತು

ಒಂದು ಜೋಡಿಗೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ ಸಾಕು. ಮೇಲಿನ ಖಾಲಿ ಜಾಗವನ್ನೂ ಕಲ್ಲುಗಳನ್ನೂ ಕಳೆದರೆ ಇದರಲ್ಲಿ ಸುಮಾರು 150 ಲೀಟರ್ ನೀರು ನಿಲ್ಲುತ್ತದೆ. ನೀರು, ಗಾಜು, ಕಲ್ಲು, ಸ್ಟ್ಯಾಂಡ್ ಎಲ್ಲ ಸೇರಿದರೆ ಭಾರ ಇನ್ನೂರು ಕಿಲೋ ದಾಟುವುದರಿಂದ ಹಳೆಯ ಕಟ್ಟಡಗಳಲ್ಲಿ ತೊಟ್ಟಿಯನ್ನು ಕೋಣೆಯ ನಡುವೆ ಅಥವಾ ಬಾಲ್ಕನಿಯಲ್ಲಿ ಇಡದೆ, ತೊಲೆ ಹಾದುಹೋಗುವ ಗೋಡೆಗೆ ಒತ್ತಿ ಇಡಬೇಕು. ಬಾಲ್ಕನಿ ಬೇಡವೆನ್ನಲು ಬಿಸಿಲಿನ ಕಾರಣವೂ ಇದೆ.

ನೊರೆಯ ಮೂಲಕ ಕೊಳೆಯನ್ನು ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ನೀರನ್ನು ತಿರುಗಿಸುವ ಸಣ್ಣ ಪಂಪು, ಸಾಧಾರಣ ಎಲ್‌ಇಡಿ ದೀಪ ಇವಿಷ್ಟು ಸಲಕರಣೆ ಅಗತ್ಯ. ಈ ಮೀನು ಒಂದೇ ಕಡೆ ನಿಂತು ತೇಲುವ ಸ್ವಭಾವದ್ದಾದ್ದರಿಂದ ಪಂಪಿನ ಸೆಳೆತ ಜೋರಾಗಿರಬಾರದು. ಒಂದು ಮೂಲೆಯಲ್ಲಾದರೂ ನೀರು ಶಾಂತವಾಗಿರಲಿ. ಉಪ್ಪುನೀರು ಮತ್ತು ವಿದ್ಯುತ್ತು ಜೊತೆಗಿರುವ ಕಡೆ, ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ ಇಎಲ್‌ಸಿಬಿ ಇಲ್ಲದೆ ಕೆಲಸ ಆರಂಭಿಸಲೇಬಾರದು, ಮತ್ತು ವೈರುಗಳನ್ನು ಪ್ಲಗ್ಗಿನ ಮಟ್ಟಕ್ಕಿಂತ ಕೆಳಗೆ ಜೋತುಬೀಳುವಂತೆ ಬಿಟ್ಟರೆ ವೈರಿನ ಮೇಲೆ ಹರಿದ ನೀರು ಪ್ಲಗ್ಗಿಗೆ ತಲುಪದೆ ಅಲ್ಲೇ ತೊಟ್ಟಿಕ್ಕುತ್ತದೆ. ಪುಣೆಯವರು ಗುರುವಾರದ ದುರಸ್ತಿಯ ಕರೆಂಟ್ ಕಡಿತವನ್ನು ಲೆಕ್ಕಕ್ಕೆ ತೆಗೆದುಕೊಂಡು ಬ್ಯಾಟರಿಯಿಂದ ನಡೆಯುವ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ತೊಟ್ಟಿಯೊಳಗಿನ ಕಲ್ಲಿನ ವಿಷಯದಲ್ಲಿ ಕಾನೂನು ತಿಳಿದಿರಬೇಕು. ದಿಬ್ಬ ಕಟ್ಟುವ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ, ಸೀ ಫ್ಯಾನ್ ಇವೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಅಂಗಡಿಯವರು ಸತ್ತ ಹವಳವೆಂದೋ ಲೈವ್ ರಾಕ್ (ಜೀವಿಗಳು ನೆಲೆಸಿದ ಹವಳದ ಕಲ್ಲು) ಎಂದೋ ಕೊಟ್ಟರೂ ತೆಗೆದುಕೊಳ್ಳಬೇಡಿ. ಸೆರಾಮಿಕ್ ಕಲ್ಲುಗಳು ಸಿಗುತ್ತವೆ; ಬ್ಯಾಕ್ಟೀರಿಯಾ ಬೆಳೆಯಲು ರಂಧ್ರಗಳಿದ್ದರೆ ಸಾಕು, ಅದು ಹವಳವೇ ಆಗಬೇಕೆಂದಿಲ್ಲ.

ನೀರು

ಕಡಲು ಮನೆಯ ಮುಂದೆಯೇ ಇರುವಾಗ ಉಪ್ಪನ್ನು ಕೊಳ್ಳುವುದೇಕೆ ಎಂದು ಕೇಳುವವರಿದ್ದಾರೆ. ಜುಹೂ, ವರ್ಸೋವಾಗಳ ನೀರಿಗೆ ನಗರದ ಚರಂಡಿ ಸೇರುತ್ತದೆ, ಮಳೆಗಾಲದಲ್ಲಿ ತೀರದ ನೀರಿನ ಉಪ್ಪಿನಂಶ ತೀವ್ರವಾಗಿ ಇಳಿಯುತ್ತದೆ, ವರ್ಷವಿಡೀ ಕೆಸರು ಕಲಕಿರುತ್ತದೆ. ಆದ್ದರಿಂದ ಸಮುದ್ರ ಮೀನಿನ ಅಕ್ವೇರಿಯಂಗೆಂದೇ ಮಾಡಿದ ಉಪ್ಪನ್ನು ಬಳಸಬೇಕು. ಲೀಟರಿಗೆ ಸುಮಾರು 36 ಗ್ರಾಂ ಎಂದರೆ ಮೊದಲ ಸಲ ತೊಟ್ಟಿ ತುಂಬಲು ಐದೂವರೆ ಕಿಲೋ ಉಪ್ಪು ಬೇಕು. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಮನೆಯ ಕುಡಿಯುವ ನೀರಿನ ಆರ್‌ಒ ಯಂತ್ರ ಲವಣಗಳನ್ನು ಪೂರ್ತಿ ತೆಗೆಯುವುದಿಲ್ಲ, ಕೆಲವು ಯಂತ್ರಗಳು ರುಚಿಗೆಂದು ಮತ್ತೆ ಸೇರಿಸುವುದೂ ಉಂಟು. ಅದರ ನೀರನ್ನು, ಉಳಿದ ಲವಣಗಳನ್ನು ಹಿಡಿದಿಡುವ ಒಂದು ಡಿಐ ರೆಸಿನ್ ಕೊಳವೆಯ ಮೂಲಕ ಹಾಯಿಸಿ, ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೆ ಬಳಸಿ. ಉಪ್ಪನ್ನು ಪ್ರತ್ಯೇಕ ಡ್ರಮ್ಮಿನಲ್ಲಿ ಕರಗಿಸಿ ಒಂದು ದಿನ ಪಂಪಿನಿಂದ ಕಲಕುತ್ತಿದ್ದು, ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.024ರ ಹತ್ತಿರ ಬಂದಿದೆಯೆಂದು ನೋಡಿಕೊಂಡು ತೊಟ್ಟಿಗೆ ಸುರಿಯಿರಿ. ಮೀನಿರುವ ತೊಟ್ಟಿಗೆ ನೇರವಾಗಿ ಉಪ್ಪು ಹಾಕುವ ಅಭ್ಯಾಸವನ್ನು ಎಂದೂ ಮಾಡಿಕೊಳ್ಳಬೇಡಿ.

ನೀರು ತುಂಬಿದ ತಕ್ಷಣ ಮೀನು ಬಿಡುವಂತಿಲ್ಲ. ಮೀನು ಹೊರಬಿಡುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೀನು ಮಾರುಕಟ್ಟೆಯಿಂದ ತಂದ ಒಂದು ಸಿಗಡಿಯನ್ನು ಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟರೆ ಅದು ಕೊಳೆತು ಬ್ಯಾಕ್ಟೀರಿಯಾಕ್ಕೆ ಬೇಕಾದ ಅಮೋನಿಯಾ ಒದಗುತ್ತದೆ. ಮನೆಯಲ್ಲಿ ಎರಡು ದಿನ ವಾಸನೆ ಸಹಿಸಿಕೊಳ್ಳಬೇಕಾದೀತು. ಪರೀಕ್ಷಾ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದು ಅಲ್ಲೇ ನಿಂತ ಮೇಲಷ್ಟೇ ಮುಂದಿನ ಹೆಜ್ಜೆ.

ಉಷ್ಣತೆ 25ರಿಂದ 28 ಡಿಗ್ರಿಯೊಳಗೆ ಇರುವುದು ಉತ್ತಮ. ಮೇ ತಿಂಗಳಿನಲ್ಲಿ ಮುಂಬಯಿಯ ಮುಚ್ಚಿದ ಕೋಣೆಯ ತೊಟ್ಟಿ 31 ಡಿಗ್ರಿಗೆ ಏರುವುದು ಕಷ್ಟವೇನಲ್ಲ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುವುದರಿಂದ, ಬಾಯಿತುಂಬ ಮೊಟ್ಟೆ ಹೊತ್ತ ಗಂಡಿಗೆ ಇದು ಪ್ರಾಣಕ್ಕೇ ಬರಬಹುದು. ತೊಟ್ಟಿಯ ಮೇಲೆ ಸಣ್ಣ ಫ್ಯಾನ್ ಬೀಸಿದರೆ ನೀರು ಆವಿಯಾಗಿ ಎರಡು ಡಿಗ್ರಿಯಷ್ಟು ತಣಿಯುತ್ತದೆ. ಪುಣೆಯ ಒಣ ಬೇಸಿಗೆಯಲ್ಲಿ ಈ ಉಪಾಯ ಚೆನ್ನಾಗಿ ಫಲಿಸುತ್ತದೆ, ಮುಂಬಯಿಯ ಮತ್ತು ಗೋವೆಯ ತೇವದ ಗಾಳಿಯಲ್ಲಿ ಅಷ್ಟಕ್ಕಷ್ಟೇ. ಕರಾವಳಿಯವರು ನೀರು ತಣಿಸುವ ಚಿಲ್ಲರ್‌ಗೆ ಹಣ ಎತ್ತಿಡುವುದೇ ಲೇಸು. ಪುಣೆಯವರಿಗೆ ಡಿಸೆಂಬರಿನಲ್ಲಿ ಹೀಟರ್ ಬೇಕಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ದಿನವೂ ಕಡಿಮೆಯಾದಷ್ಟು ಸಿಹಿನೀರನ್ನೇ, ಅಂದರೆ ಶುದ್ಧೀಕರಿಸಿದ ಉಪ್ಪಿಲ್ಲದ ನೀರನ್ನು ಸೇರಿಸಬೇಕು. ವಾರಕ್ಕೊಮ್ಮೆ ಹತ್ತರಲ್ಲಿ ಒಂದು ಪಾಲು ನೀರನ್ನು ಹೊಸ ಉಪ್ಪುನೀರಿನಿಂದ ಬದಲಿಸಿದರೆ ಸಾಕು.

ಮೀನನ್ನು ಆರಿಸುವುದು

ಕ್ರಾಫರ್ಡ್ ಮಾರ್ಕೆಟ್ಟಿನ ಸುತ್ತಿನ ಅಂಗಡಿಗಳಲ್ಲೂ ಉಪನಗರಗಳ ಸಮುದ್ರ ಮೀನಿನ ಅಂಗಡಿಗಳಲ್ಲೂ ಈ ಮೀನು ಆಗಾಗ ಬರುತ್ತದೆ. ಸಾಕಣೆಯಲ್ಲಿ ಹುಟ್ಟಿದ್ದೋ ಎಂದು ಬಾಯಿಮಾತಿನಲ್ಲಿ ಕೇಳಿ ಸುಮ್ಮನಾಗದೆ, ಯಾವ ಮರಿಕೇಂದ್ರದಿಂದ ಬಂದದ್ದೆಂಬ ಕಾಗದ ಕೇಳಿ. ಸಾಕಣೆಯ ಮೀನುಗಳು ಸಾಮಾನ್ಯವಾಗಿ ಮೂರು ಸೆಂಟಿಮೀಟರಿನ ಆಸುಪಾಸಿನಲ್ಲಿ ಒಂದೇ ಅಳತೆಯವಾಗಿರುತ್ತವೆ, ಕೈ ಕಂಡರೆ ಮುಂದೆ ಬರುತ್ತವೆ, ಫ್ರೀಜರಿನ ಆಹಾರವನ್ನು ತಕ್ಷಣ ತಿನ್ನುತ್ತವೆ. ನಿಮ್ಮೆದುರಿಗೇ ಆಹಾರ ಹಾಕಿಸಿ ನೋಡಿ. ತಿನ್ನದ ಮೀನನ್ನು ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ಬಿಡಿ. ಹೊಟ್ಟೆ ಒಳಸೇರಿದ, ಮೈ ಕಪ್ಪಿಟ್ಟ, ಕಿವಿರು ವೇಗವಾಗಿ ಬಡಿಯುವ, ಬಿಳಿ ದಾರದಂಥ ಮಲ ಬಿಡುವ ಮೀನಿಗೆ ಇರಿಡೋವೈರಸ್ ಸೋಂಕಿರುವ ಸಂಭವವಿದೆ. ಇದಕ್ಕೆ ಔಷಧವಿಲ್ಲ. ಅಂಥ ಒಂದು ಮೀನಿದ್ದರೂ ಆ ತೊಟ್ಟಿಯ ಉಳಿದ ಬಂಗಾಯ್‌ಗಳನ್ನು ಕೊಳ್ಳಬೇಡಿ.

ಗಂಡುಹೆಣ್ಣುಗಳನ್ನು ಹೊರನೋಟದಿಂದ ಗುರುತಿಸುವುದು ಕಷ್ಟ. ಎರಡನೇ ಬೆನ್ನಿನ ಈಜುರೆಕ್ಕೆ ಉದ್ದವಿರುವುದು ಗಂಡು ಎಂಬ ಮಾತನ್ನು ನಾನು ಹೆಚ್ಚು ನಂಬುವುದಿಲ್ಲ. ಬಲಿತ ಗಂಡಿನ ಕೆಳದವಡೆ ಅಗಲವಾಗಿ ಚೌಕಾಕಾರವಾಗಿ ಕಾಣುವುದು ಅದಕ್ಕಿಂತ ಭರವಸೆಯ ಗುರುತು. ಎಲ್ಲಕ್ಕಿಂತ ಖಚಿತವಾದ ದಾರಿಯೆಂದರೆ ಐದಾರು ಮರಿಗಳನ್ನು ಒಟ್ಟಿಗೆ ತಂದು ಬೆಳೆಸುವುದು. ಕೆಲವು ತಿಂಗಳಾದ ಮೇಲೆ ಎರಡು ಮೀನುಗಳು ಬೇರೆಯಾಗಿ ಒಂದು ಮೂಲೆಯನ್ನು ಹಿಡಿದು, ಹತ್ತಿರ ಬಂದ ಇತರ ಮೀನುಗಳನ್ನು ಅಟ್ಟಲಾರಂಭಿಸುತ್ತವೆ. ಜೋಡಿ ಕೂಡಿತೆಂದು ತಿಳಿದು ಅಂದೇ ಉಳಿದವನ್ನು ಬೇರೆ ತೊಟ್ಟಿಗೆ ಸಾಗಿಸಬೇಕು. ತಡಮಾಡಿದರೆ ಒಂದೊಂದಾಗಿ ಸಾಯುತ್ತವೆ.

ಮನೆಗೆ ತಂದ ಮೀನನ್ನು ನಾಲ್ಕು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ನೋಡಬೇಕು. ಚೀಲದಲ್ಲಿ ಬಹಳ ಹೊತ್ತು ಪ್ರಯಾಣ ಮಾಡಿದ ಮೀನನ್ನು, ತೊಟ್ಟಿಯ ನೀರನ್ನು ಹನಿಹನಿಯಾಗಿ ಸೇರಿಸುತ್ತ ಗಂಟೆಗಟ್ಟಲೆ ಹೊಂದಿಸುವ ಪದ್ಧತಿ ಅಪಾಯಕಾರಿ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡಿನಿಂದ ಪಿಎಚ್ ಇಳಿದು ಅಮೋನಿಯಾ ನಿರುಪದ್ರವಿ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದೊಡನೆ ಪಿಎಚ್ ಏರಿ ಅದೇ ಅಮೋನಿಯಾ ವಿಷವಾಗುತ್ತದೆ. ಪ್ರತ್ಯೇಕ ತೊಟ್ಟಿಯ ಉಪ್ಪಿನ ಮಟ್ಟವನ್ನು ಮೊದಲೇ ಅಂಗಡಿಯ ನೀರಿಗೆ ಸರಿಹೊಂದಿಸಿಟ್ಟು, ಚೀಲವನ್ನು ಇಪ್ಪತ್ತು ನಿಮಿಷ ತೇಲಿಸಿ, ಬಿಚ್ಚಿ, ಮೀನನ್ನು ಮಾತ್ರ ಒಳಗೆ ಬಿಡಿ.

ಆಹಾರಕ್ಕೆ ಫ್ರೀಜರಿನ ಮೈಸಿಸ್ ಸಿಗಡಿ ಮೊದಲ ಆಯ್ಕೆ. ಮುಂಬಯಿಯ ಮಾರುಕಟ್ಟೆಯಲ್ಲಿ ಸಿಗುವ ಹಸಿ ಜವಳಾ, ಅಂದರೆ ಪುಟಾಣಿ ಸಿಗಡಿ, ತೊಳೆದು ಫ್ರೀಜರಿನಲ್ಲಿಟ್ಟುಕೊಂಡರೆ ಒಳ್ಳೆಯ ಪೂರಕ ಆಹಾರ. ಒಣ ಜವಳಾ ಬೇಡ. ದಿನಕ್ಕೆ ಎರಡು ಹೊತ್ತು, ಎರಡು ಮೂರು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ ಹಾಕಿ.

ಕೃತಕ ಮುಳ್ಳುಚೆಂಡು

ಮೂಲ ನೆಲೆಯಲ್ಲಿ ಈ ಮೀನುಗಳು, ಅದರಲ್ಲೂ ಮರಿಗಳು, ಡಯಡೆಮಾ ಎಂಬ ಸೀ ಅರ್ಚಿನ್ ಜಾತಿಯ ಗುಂಡನೆಯ ಕಡಲಜೀವಿಯ ಉದ್ದ ಕಪ್ಪು ಮುಳ್ಳುಗಳ ನಡುವೆ ಅಡಗಿರುತ್ತವೆ. ಸಣ್ಣ ತೊಟ್ಟಿಯಲ್ಲಿ ನಿಜವಾದ ಡಯಡೆಮಾ ಪಾಚಿ ಸಾಲದೆ ಸೊರಗುತ್ತದೆ, ಅದರ ಮುಳ್ಳು ಚುಚ್ಚಿದರೆ ಕೈ ಉರಿಯುತ್ತದೆ. ಕೃತಕವಾದದ್ದನ್ನು ಮಾಡಿಕೊಳ್ಳಲು ಅರ್ಧ ಗಂಟೆ ಸಾಕು. ಆಟದ ಸಾಮಾನಿನ ಅಂಗಡಿಯಿಂದ ತೂತುಗಳಿರುವ ಟೊಳ್ಳು ಪ್ಲಾಸ್ಟಿಕ್ ಚೆಂಡು, ಎಲೆಕ್ಟ್ರಿಕಲ್ ಅಂಗಡಿಯಿಂದ ಇಪ್ಪತ್ತು ಸೆಂಟಿಮೀಟರ್ ಉದ್ದದ ಕಪ್ಪು ನೈಲಾನ್ ಕೇಬಲ್ ಟೈಗಳ ಒಂದು ಕಟ್ಟು ತನ್ನಿ. ಚೆಂಡನ್ನು ಕತ್ತರಿಸಿ ಎರಡು ಹೋಳು ಮಾಡಿ, ಪ್ರತಿ ತೂತಿಗೂ ಒಳಗಿನಿಂದ ಒಂದೊಂದು ಟೈ ತೂರಿಸಿ ಹೊರಗೆಳೆದರೆ ಅದರ ಚೌಕ ತಲೆ ಒಳಗೇ ಸಿಕ್ಕಿಕೊಂಡು ನಿಲ್ಲುತ್ತದೆ. ತೂತು ದೊಡ್ಡದಾಗಿದ್ದರೆ ಎರಡು ಟೈಗಳನ್ನು ಒಟ್ಟಿಗೆ ಹಾಕಿ. ಭಾರಕ್ಕೆ ಒಳಗೊಂದು ಸೆರಾಮಿಕ್ ತುಂಡನ್ನಿಟ್ಟು, ಎರಡು ಹೋಳುಗಳನ್ನು ಮತ್ತೊಂದು ಟೈಯಿಂದ ಬಿಗಿದು, ತುದಿಗಳನ್ನು ಹೆಚ್ಚುಕಡಿಮೆ ಉದ್ದಕ್ಕೆ ಕತ್ತರಿಸಿ. ಕತ್ತರಿಸಿದ ತುದಿ ಬ್ಲೇಡಿನಂತೆ ಚೂಪಾಗಿರುವುದರಿಂದ ಮರಳುಕಾಗದದಿಂದ ಉಜ್ಜಲೇಬೇಕು. ಒಂದು ವಾರ ನೀರಿನಲ್ಲಿ ನೆನೆಹಾಕಿ ತೊಟ್ಟಿಗಿಳಿಸಿದರೆ ಮೀನುಗಳು ತಡಮಾಡದೆ ಅದರ ಸುತ್ತ ಠಿಕಾಣಿ ಹೂಡುತ್ತವೆ. ಮರಿಗಳ ತೊಟ್ಟಿಗೆಂದು ಇನ್ನೊಂದನ್ನು ಈಗಲೇ ಮಾಡಿಟ್ಟುಕೊಳ್ಳಿ.

ಮೊಟ್ಟೆಯಿಂದ ಮರಿಯವರೆಗೆ

ಹೆಣ್ಣು ಗಂಡಿನ ಪಕ್ಕಕ್ಕೆ ಒತ್ತಿ ನಿಂತು ಮೈ ನಡುಗಿಸಲಾರಂಭಿಸಿದರೆ ಮೊಟ್ಟೆಯಿಡುವ ಕಾಲ ಸಮೀಪಿಸಿದೆಯೆಂದು ತಿಳಿಯಬಹುದು. ಹೆಣ್ಣು ಕಿತ್ತಳೆ ಬಣ್ಣದ, ಸುಮಾರು ಮೂರು ಮಿಲಿಮೀಟರ್ ಗಾತ್ರದ ಐವತ್ತರ ಆಸುಪಾಸಿನ ಮೊಟ್ಟೆಗಳನ್ನು ಒಂದೇ ಗೊಂಚಲಾಗಿ ಹೊರಹಾಕಿದ ಕ್ಷಣವೇ ಗಂಡು ಅದನ್ನು ಬಾಯಿಗೆಳೆದುಕೊಳ್ಳುತ್ತದೆ. ಆ ಕ್ಷಣ ನೋಡಲು ಸಿಗುವುದು ಅಪರೂಪ. ಮರುದಿನ ಗಂಡಿನ ಗಂಟಲು ಉಬ್ಬಿ ಬಾಯಿ ಪೂರ್ತಿ ಮುಚ್ಚದಿರುವುದು, ಆಹಾರದತ್ತ ಮುಖ ತಿರುಗಿಸುವುದು ಕಂಡರೆ ದಿನಾಂಕವನ್ನು ಬರೆದಿಡಿ. ಗಂಡು ಆಗಾಗ ಬಾಯಿಯನ್ನು ಅಗಲಿಸಿ ಗೊಂಚಲನ್ನು ಒಳಗೇ ಹೊರಳಿಸುತ್ತದೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಮೊದಲ ವಾರ ಕಿತ್ತಳೆ ಗುಂಡುಗಳೂ ಆಮೇಲೆ ಬೆಳ್ಳಿಯ ಕಣ್ಣುಗಳೂ ಕಾಣುತ್ತವೆ. ಹೊಸ ಗಂಡುಗಳು ಮೊದಲ ಸಲದ ಗೊಂಚಲನ್ನು ನುಂಗಿಬಿಡುವುದು ಸಾಮಾನ್ಯ, ಅದಕ್ಕೆ ಗಾಬರಿಪಡಬೇಕಿಲ್ಲ.

ಸುಮಾರು ಇಪ್ಪತ್ತು ದಿನಕ್ಕೆ ಮೊಟ್ಟೆ ಒಡೆದರೂ ಮರಿಗಳು ಇನ್ನೊಂದು ವಾರ ಹತ್ತು ದಿನ ಬಾಯಲ್ಲೇ ಉಳಿದು ಹೊಟ್ಟೆಯ ಹಳದಿ ಚೀಲವನ್ನು ಕರಗಿಸಿಕೊಳ್ಳುತ್ತವೆ. ಗಂಡನ್ನು ಬೇರ್ಪಡಿಸಲು ಇಪ್ಪತ್ತನೇ ದಿನದ ನಂತರದ ರಾತ್ರಿ ತಕ್ಕ ಸಮಯ. ಬಲೆಯಲ್ಲಿ ಹಿಡಿದರೆ ಹೆದರಿ ಮರಿಗಳನ್ನು ಉಗುಳಿಬಿಡುವ ಭಯವಿದೆ. ದೀಪ ಆರಿಸಿ ಮೀನು ಮಂಕಾದ ಮೇಲೆ ಪಾರದರ್ಶಕ ಡಬ್ಬಿಯೊಂದನ್ನು ಅದರ ಮುಂದೆ ಮುಳುಗಿಸಿ, ಕೈಯಿಂದ ನಿಧಾನವಾಗಿ ಅದರೊಳಕ್ಕೆ ನಡೆಸಿ, ನೀರಿನ ಸಮೇತ ಎತ್ತಬೇಕು. ನಲವತ್ತು ಲೀಟರಿನ, ಸ್ಪಂಜ್ ಫಿಲ್ಟರ್ ಇರುವ ತೊಟ್ಟಿಗೆ ದೊಡ್ಡ ತೊಟ್ಟಿಯ ನೀರನ್ನೇ ತುಂಬಿಸಿ ಅಲ್ಲಿ ಬಿಡಿ. ಸಮಯ ಬಂದಾಗ ಗಂಡು ಎರಡು ಮೂರು ರಾತ್ರಿಗಳಲ್ಲಿ ಮರಿಗಳನ್ನು ಹೊರಬಿಡುತ್ತದೆ. ಎಲ್ಲ ಹೊರಬಂದ ಮೇಲೆ ಗಂಡನ್ನು ತಡಮಾಡದೆ ಮರಳಿ ಒಯ್ಯಬೇಕು. ತಿಂಗಳಿಡೀ ಉಪವಾಸವಿದ್ದ ತಂದೆಗೆ ಮರಿಗಳು ಆಹಾರವಾಗಿ ಕಾಣುವುದೂ ಉಂಟು. ಮುಂದಿನ ಕೆಲವು ವಾರ ಚೆನ್ನಾಗಿ ತಿನ್ನಿಸಿ, ಸೊರಗಿದ್ದರೆ ಹೆಣ್ಣಿನಿಂದ ದೂರವೇ ಇರಿಸಿ. ಇಲ್ಲವಾದರೆ ಜೋಡಿ ಕೂಡಲೇ ಮತ್ತೆ ಮೊಟ್ಟೆಗೆ ತೊಡಗುತ್ತದೆ.

ಏಳೆಂಟು ಮಿಲಿಮೀಟರ್ ಉದ್ದದ, ಆಗಲೇ ಕಪ್ಪು ಪಟ್ಟೆ ಮೂಡಿದ ಮರಿಗಳು ಮೊದಲ ದಿನದಿಂದಲೇ ಆರ್ಟೀಮಿಯಾ ಎಂಬ ಪುಟಾಣಿ ಉಪ್ಪುನೀರಿನ ಸಿಗಡಿಯ ಮರಿಗಳನ್ನು ತಿನ್ನುತ್ತವೆ. ಲೀಟರ್ ನೀರಿಗೆ 25 ಗ್ರಾಂ ಉಪ್ಪು ಹಾಕಿ, ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿ, ಗಾಳಿ ಊದುತ್ತಿದ್ದರೆ ಆರ್ಟೀಮಿಯಾ ಮೊಟ್ಟೆಗಳು ಒಂದು ದಿನದಲ್ಲಿ ಒಡೆಯುತ್ತವೆ. ಮುಂಬಯಿಯ ಹವೆಯಲ್ಲಿ ಇದಕ್ಕೆ ಹೀಟರ್ ಬೇಡ. ಗಾಳಿ ನಿಲ್ಲಿಸಿ, ತೇಲುವ ಚಿಪ್ಪುಗಳನ್ನು ಬಿಟ್ಟು, ಬೆಳಕಿನತ್ತ ಒಟ್ಟುಗೂಡುವ ಜೀವಿಗಳನ್ನು ಮಾತ್ರ ಕೊಳವೆಯಿಂದ ಎಳೆದುಕೊಳ್ಳಿ, ಏಕೆಂದರೆ ಚಿಪ್ಪು ಮರಿಗಳ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಹೆಚ್ಚಿನವರು ಸೋಲುವುದು ಇಲ್ಲಿಂದ ಮುಂದೆ. ಬರೀ ಆರ್ಟೀಮಿಯಾ ತಿಂದ ಬಂಗಾಯ್ ಮರಿಗಳು ಎರಡು ಮೂರು ವಾರ ಚೆನ್ನಾಗಿ ಬೆಳೆದಂತೆ ಕಂಡು, ಒಂದು ಬೆಳಗ್ಗೆ ದೀಪ ಹಾಕಿದ ಕೂಡಲೇ ಅಥವಾ ಬಾಗಿಲು ಬಡಿದ ಸದ್ದಿಗೆ ಸುತ್ತಿ ಬಿದ್ದು ಸಾಯುತ್ತವೆ. ಆರ್ಟೀಮಿಯಾದಲ್ಲಿ ಸಮುದ್ರ ಮೀನಿಗೆ ಬೇಕಾದ ಡಿಎಚ್‌ಎ ಮುಂತಾದ ಕೊಬ್ಬಿನಾಮ್ಲಗಳು ಸಾಲದಿರುವುದೇ ಇದಕ್ಕೆ ಕಾರಣ. ಒಡೆದ ಆರ್ಟೀಮಿಯಾ ಎಂಟು ಹತ್ತು ಗಂಟೆ ಏನನ್ನೂ ತಿನ್ನುವುದಿಲ್ಲ. ಮೊದಲ ಪೊರೆ ಕಳಚಿದ ಬಳಿಕವೇ ಬಾಯಿ ತೆರೆಯುತ್ತದೆ. ಆದ್ದರಿಂದ ಅರ್ಧ ದಿನ ಕಾದು, ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಡಿಎಚ್‌ಎ ಇರುವ ಪೋಷಕ ದ್ರಾವಣವನ್ನು ಅವಕ್ಕೆ ಹನ್ನೆರಡು ಗಂಟೆ ತಿನ್ನಿಸಿ, ಸಣ್ಣ ಕಣ್ಣಿನ ಜಾಲರಿಯಲ್ಲಿ ತೊಳೆದು, ಆಮೇಲೆ ಮರಿಗಳಿಗೆ ಕೊಡಬೇಕು. ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪಸ್ವಲ್ಪವೇ ಹಾಕಿ. ರಾತ್ರಿ ಸಣ್ಣ ದೀಪವೊಂದನ್ನು ಉಳಿಸಿ, ಬೆಳಗ್ಗೆ ಕೋಣೆಯ ಬೆಳಕು ಬಂದ ನಂತರ ತೊಟ್ಟಿಯ ದೀಪ ಹಾಕಿ. ಆರನೇ ವಾರದ ಹೊತ್ತಿಗೆ ಪುಡಿಮಾಡಿದ ಮೈಸಿಸ್ ಅಭ್ಯಾಸ ಮಾಡಿಸಬಹುದು; ಮೂರು ತಿಂಗಳಿಗೆ ಮರಿ ಎರಡೂವರೆ ಸೆಂಟಿಮೀಟರ್ ದಾಟುತ್ತದೆ.

ಮರಿಗಳನ್ನು ಕೊಡುವಾಗ

ಒಂದೇ ಜೋಡಿಯ ಮರಿಗಳನ್ನು ತಮ್ಮತಮ್ಮೊಳಗೆ ಜೋಡಿ ಮಾಡಿಸದೆ, ಬೇರೆ ಕಡೆಯಿಂದ ತಂದ ಮೀನು ಸಾಕಿರುವ ಹವ್ಯಾಸಿಗಳೊಡನೆ ಅದಲುಬದಲು ಮಾಡಿಕೊಳ್ಳಿ. ಯಾವ ಜೋಡಿಯದು, ಯಾವ ತಿಂಗಳಲ್ಲಿ ಹುಟ್ಟಿದ್ದು ಎಂಬ ಚೀಟಿ ಜೊತೆಗಿರಲಿ. ಮರಿ ಹೆಚ್ಚಾಯಿತೆಂದು ಕಡಲಿಗೆ ಬಿಡುವ ಯೋಚನೆ ಸಲ್ಲದು. ಸುಲವೇಸಿಯ ಲೆಂಬೆ ಜಲಸಂಧಿಯಲ್ಲಿ ವ್ಯಾಪಾರದ ದಾರಿಯಿಂದ ಸೇರಿಕೊಂಡ ಬಂಗಾಯ್‌ಗಳು ತಮ್ಮದಲ್ಲದ ಆ ನೀರಿನಲ್ಲಿ ನೆಲೆಯೂರಿ ಹಬ್ಬಿವೆ. ಸಾಗಿಸುವ ಹಿಂದಿನ ದಿನ ಮರಿಗಳಿಗೆ ಆಹಾರ ಹಾಕಬೇಡಿ, ಒಂದೊಂದು ಚೀಲಕ್ಕೂ ಒಂದೇ ಮರಿ, ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಚೀಲಗಳನ್ನು ಥರ್ಮೋಕೋಲ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಲೋಕಲ್ ರೈಲಿನಲ್ಲಿ ಒಯ್ಯುವುದಾದರೆ ಮಧ್ಯಾಹ್ನದ ಹೊತ್ತು ಹೊರಡಿ.